ಬೆದರಿದ ಇಲಿಗೆ ನೋವು ಏಕೆ ಕಡಿಮೆ?

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಹೋಬಳಿ ಕಾವೇರಿ ವನ್ಯಧಾಮದ ಸೆರಗಿನಲ್ಲಿದೆ. ರಾಗಿ ತೆನೆ ಬಲಿಯುವ ಹೊತ್ತಿಗೆ ಈ ಕಡೆ ಆನೆಗಳು ಹೊಲಕ್ಕಿಳಿಯುತ್ತವೆ. ಕತ್ತಲಲ್ಲಿ ಆನೆಗೆ ಹೆದರಿ ಓಡಿದವನಿಗೆ ಬೇಲಿಯ ಮುಳ್ಳು ಕಾಲು ಸೀಳಿದ್ದು ಮನೆ ಸೇರಿ ಬೆವರು ಆರಿದ ಮೇಲೆ ತಿಳಿಯುವುದುಂಟು. ಪ್ರಾಣಭಯ ನೋವನ್ನು ಅದುಮಿಡುವ ಈ ಬಗೆಗೆ ವಿಜ್ಞಾನಿಗಳು ಒತ್ತಡಜನ್ಯ ನೋವುಶಮನ ಎನ್ನುತ್ತಾರೆ. ಇದರ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲನ್ನು ಕಲಿಸಿದ್ದು ಇಲಿ ಮತ್ತು ಸುಂಡಿಲಿ.

ಮೈಯೇ ಮಾಡಿಕೊಳ್ಳುವ ಅಫೀಮು

ಅಫೀಮು, ಮಾರ್ಫಿನ್‌ಗಳು ಅಂಟಿಕೊಳ್ಳುವ ಗ್ರಾಹಿಗಳು ಮಿದುಳಿನಲ್ಲಿವೆ ಎಂದು 1973ರಲ್ಲಿ ಅಮೆರಿಕದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ತೋರಿಸಿದರು. ಗಸಗಸೆ ಗಿಡದ ಹಾಲಿಗಾಗಿ ಪ್ರಾಣಿಯ ಮಿದುಳು ಜಾಗ ಕಾದಿರಿಸಿಕೊಂಡು ಕೂತಿರಲಾರದಷ್ಟೆ. ಮೈಯದೇ ಆದ ವಸ್ತುವೊಂದು ಇರಲೇಬೇಕಿತ್ತು. 1975ರಲ್ಲಿ ಸ್ಕಾಟ್ಲೆಂಡಿನ ಆಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕಾಸ್ಟರ್ಲಿಟ್ಸ್ ಹಂದಿಯ ಮಿದುಳಿನಿಂದ ಅದನ್ನು ಬೇರ್ಪಡಿಸಿ ಎನ್‌ಕೆಫಲಿನ್ ಎಂದು ಹೆಸರಿಟ್ಟರು. ಅದು ಮಾರ್ಫಿನ್‌ನ ಜಾತಿಯದೇ ಎಂದು ಗುರುತಿಸಲು ನೆರವಾದದ್ದು ನಲಾಕ್ಸೋನ್: ಆ ಔಷಧ ಹಾಕಿದೊಡನೆ ಎನ್‌ಕೆಫಲಿನ್‌ನ ಪರಿಣಾಮ ಅಳಿದುಹೋಗುತ್ತಿತ್ತು.

ತಡೆ ಔಷಧದ ಕೆಲಸ

ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಎಸೆಯುವುದನ್ನು ನೆನೆಯಿರಿ. ಟವೆಲ್ ಪ್ರಯಾಣ ಮಾಡುವುದಿಲ್ಲ, ಬೇರೆಯವರಿಗೆ ಕೂರಲೂ ಬಿಡುವುದಿಲ್ಲ. ನಲಾಕ್ಸೋನ್, ನಾಲ್ಟ್ರೆಕ್ಸೋನ್‌ಗಳು ಓಪಿಯಾಯ್ಡ್, ಅಂದರೆ ಅಫೀಮಿನ ಜಾತಿಯ ವಸ್ತುಗಳ, ಗ್ರಾಹಿಯಲ್ಲಿ ಮಾಡುವುದು ಇಷ್ಟೆ. ಮಾರ್ಫಿನ್, ಹೆರಾಯಿನ್ ಮಿತಿಮೀರಿ ಉಸಿರು ನಿಲ್ಲುತ್ತಿರುವವರಿಗೆ ಆಸ್ಪತ್ರೆಯಲ್ಲಿ ಕೊಡುವುದು ನಲಾಕ್ಸೋನ್. ಹೆಚ್ಚು ಹೊತ್ತು ನಿಲ್ಲುವ ನಾಲ್ಟ್ರೆಕ್ಸೋನ್ ಮಾತ್ರೆ ಕುಡಿತ ಬಿಡಿಸುವ ಚಿಕಿತ್ಸೆಯಲ್ಲೂ ಬಳಕೆಯಾಗುತ್ತದೆ.

ಪ್ರಯೋಗಾಲಯದಲ್ಲಿ ಇವು ಮದ್ದಲ್ಲ, ಪ್ರಶ್ನೆ ಕೇಳುವ ಸಾಧನ. ಇಲಿಯನ್ನು ಒತ್ತಡಕ್ಕೆ ಒಡ್ಡಿದಾಗ ನೋವು ತಗ್ಗಿತು ಎನ್ನೋಣ. ತಡೆ ಔಷಧ ಕೊಟ್ಟಾಗ ನೋವು ಮರಳಿದರೆ ಅದನ್ನು ತಗ್ಗಿಸಿದ್ದು ಮೈಯ ಓಪಿಯಾಯ್ಡ್. ಮರಳದಿದ್ದರೆ ಬೇರಾವುದೋ ದಾರಿಯಿದೆ.

ಇಲಿಯ ನೋವನ್ನು ಅಳೆಯುವುದು

ಇಲಿ ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ಸೆಕೆಂಡು ಎಣಿಸಬೇಕು. 1941ರಿಂದ ಬಳಕೆಯಲ್ಲಿರುವ ಪರೀಕ್ಷೆಯಲ್ಲಿ ಬಾಲಕ್ಕೆ ಬಿಸಿ ಬೆಳಕು ಬೀಳಿಸಿ, ಎಷ್ಟು ಹೊತ್ತಿಗೆ ಬಾಲ ಕೊಡವಿತು ಎಂದು ನೋಡುತ್ತಾರೆ. ಇನ್ನೊಂದು, ಸುಮಾರು 52ರಿಂದ 55 ಡಿಗ್ರಿ ಸೆಲ್ಸಿಯಸ್ ಬಿಸಿಯ ಲೋಹದ ತಟ್ಟೆ. ಅದರ ಮೇಲೆ ಬಿಟ್ಟ ಸುಂಡಿಲಿ ಮೊದಲು ಸುತ್ತ ಮೂಸುತ್ತದೆ, ಆಮೇಲೆ ಹಿಂಗಾಲು ಎತ್ತಿ ನೆಕ್ಕುತ್ತದೆ ಅಥವಾ ಚಂಗನೆ ನೆಗೆಯುತ್ತದೆ. ಆ ಕ್ಷಣಕ್ಕೆ ಗಡಿಯಾರ ನಿಲ್ಲಿಸಬೇಕು. ಪಾದ ಸುಡದಂತೆ ಮೊದಲೇ ಗೊತ್ತುಮಾಡಿದ ಅವಧಿ ಮುಗಿದೊಡನೆ, ನೆಕ್ಕಲಿ ಬಿಡಲಿ, ಎತ್ತಿಬಿಡುತ್ತಾರೆ.

1974ರಲ್ಲಿ ಫ್ರಾನ್ಸಿನ ಜಾಕೋಬ್ ಮತ್ತು ಸಂಗಡಿಗರು ನಲಾಕ್ಸೋನ್ ಕೊಟ್ಟ ಇಲಿ, ಸುಂಡಿಲಿಗಳು ಬಿಸಿ ತಟ್ಟೆಯಿಂದ ಬೇಗ ನೆಗೆಯುವುದನ್ನು ಕಂಡರು. ಆದರೆ ಬೇರೆ ಪರೀಕ್ಷೆಗಳಲ್ಲಿ ನೆಮ್ಮದಿಯಾಗಿರುವ ಪ್ರಾಣಿಗೆ ಬರೀ ತಡೆ ಔಷಧ ಕೊಟ್ಟರೆ ಎಷ್ಟೋ ಸಲ ಏನೂ ಆಗುವುದಿಲ್ಲ. ಮೈಯ ಓಪಿಯಾಯ್ಡ್ ಹೊರಬಿದ್ದಿದ್ದರೆ ತಾನೆ ತಡೆಯುವುದು?

ಒತ್ತಡ ಒಂದೇ ಬಗೆಯದಲ್ಲ

ಈ ವಿಷಯದಲ್ಲಿ ನನಗೆ ಅತ್ಯಂತ ಚೊಕ್ಕವೆನಿಸುವ ಪ್ರಯೋಗ 1980ರದು. ಲಾಸ್ ಏಂಜಲೀಸ್‌ನಲ್ಲಿ ಲೂಯಿಸ್, ಕ್ಯಾನನ್, ಲೀಬೆಸ್ಕಿಂಡ್ ಇಲಿಗಳ ಪಾದಕ್ಕೆ ಎರಡು ರೀತಿ ವಿದ್ಯುತ್ ಶಾಕ್ ಕೊಟ್ಟರು: ಕೆಲವಕ್ಕೆ ಬಿಡದೆ 3 ನಿಮಿಷ, ಕೆಲವಕ್ಕೆ ಬಿಟ್ಟು ಬಿಟ್ಟು 30 ನಿಮಿಷ. ಎರಡರಲ್ಲೂ ನೋವು ತಗ್ಗಿತು. ನಲಾಕ್ಸೋನ್ ಕೊಟ್ಟಾಗ 30 ನಿಮಿಷದ ಗುಂಪಿನ ಮರಗಟ್ಟುವಿಕೆ ಮಾಯವಾಯಿತು, 3 ನಿಮಿಷದ್ದು ಹಾಗೇ ಉಳಿಯಿತು. ಶಾಕ್ ಕೊಟ್ಟ ಕ್ರಮ, ಅವಧಿ ಬದಲಾದರೆ ಮೈ ಹಿಡಿಯುವ ದಾರಿಯೇ ಬದಲು!

ಓಪಿಯಾಯ್ಡ್ ಅಲ್ಲದ ಆ ಎರಡನೆಯ ದಾರಿಯಲ್ಲಿ ಏನಿದೆ ಎಂಬುದಕ್ಕೆ 2005ರಲ್ಲಿ ಆಂಡ್ರಿಯಾ ಹೋಮನ್ ತಂಡ ಉತ್ತರ ಕೊಟ್ಟಿತು. ಗಾಂಜಾದ ಅಂಶ ಅಂಟಿಕೊಳ್ಳುವ ಗ್ರಾಹಿಗಳ ಮೇಲೆ ಕೆಲಸ ಮಾಡುವ, ಮಿದುಳೇ ತಯಾರಿಸುವ ವಸ್ತುಗಳು ಅವು.

ಬೆಂಗಳೂರಿನ ಸುಂಡಿಲಿಗಳು

ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರದಲ್ಲಿ ಅರ್ಣಬ್ ಬಾರಿಕ್ ಅವರ ತಂಡ ಇದೇ ಎಳೆಯನ್ನು ಹಿಡಿದಿದೆ. 'ಇಲೈಫ್' ಪತ್ರಿಕೆಯಲ್ಲಿ ಬಂದ ಅವರ ಅಧ್ಯಯನದಲ್ಲಿ ಸುಂಡಿಲಿಗಳನ್ನು ಇಕ್ಕಟ್ಟಿನಲ್ಲಿ ಕೂಡಿಹಾಕಿ, ಅವುಗಳ ಮಿದುಳಿನಲ್ಲಿ ಯಾವ ನರಕೋಶ ಯಾವಾಗ ಚುರುಕಾಗುತ್ತದೆ ಎಂದು ನೋಡಿದರು. ಮಿದುಳಿನ ಮುಂಭಾಗದಲ್ಲಿರುವ ಲ್ಯಾಟರಲ್ ಸೆಪ್ಟಮ್ ಎಂಬಲ್ಲಿನ ನರಕೋಶಗಳು ಚುರುಕಾದವು. ಬರೀ ಸಿಕ್ಕಿಕೊಂಡಿದ್ದಾಗ ಅಲ್ಲ, ತಪ್ಪಿಸಿಕೊಳ್ಳಲು ಒದ್ದಾಡುವಾಗ.

ಈ ನರಕೋಶಗಳ ಕೆಲಸ ಇತರರನ್ನು ಸುಮ್ಮನಾಗಿಸುವುದು. ಇವು ಹೈಪೋಥಲಾಮಸ್‌ನ ಪಕ್ಕದ ಭಾಗದಲ್ಲಿರುವ ಪ್ರಚೋದಕ ಕೋಶಗಳನ್ನು ಅದುಮುತ್ತವೆ. ಆಗ, ಮಿದುಳಿನ ಬುಡದಲ್ಲಿದ್ದು ನೋವನ್ನು ಹೆಚ್ಚಿಸುವ ಕೋಶಗಳಿಗೆ ಮೇಲಿನಿಂದ ಬರುತ್ತಿದ್ದ ಕುಮ್ಮಕ್ಕು ನಿಂತು, ನೋವು ತಗ್ಗುತ್ತದೆ. ಈ ಸರಪಳಿಯೂ ಓಪಿಯಾಯ್ಡ್ ಅವಲಂಬಿ ಎಂದು ತಂಡ ಕಂಡುಕೊಂಡಿತು. ಒದ್ದಾಟಕ್ಕೂ ನೋವುಶಮನಕ್ಕೂ ನರಗಳ ಮಟ್ಟದಲ್ಲೇ ನಂಟಿದೆ ಎಂಬುದು ಈ ಅಧ್ಯಯನದ ತಿರುಳು.

ದಿನವೂ ಕಾಡಿದರೆ

ಇದೆಲ್ಲ ಒಂದು ಸಲದ ಒತ್ತಡದ ಮಾತು. ಅದೇ ಕೂಡಿಹಾಕುವಿಕೆಯನ್ನು ವಾರಗಟ್ಟಲೆ ನಡೆಸಿದರೆ ಫಲ ತಿರುಗುಮುರುಗಾಗುತ್ತದೆ: ಇಲಿಗಳು ಮೊದಲಿಗಿಂತ ಬೇಗ ಬಾಲ ಕೊಡವುತ್ತವೆ, ನೋವಿನ ಸೂಕ್ಷ್ಮತೆ ಏರುತ್ತದೆ.

ಇಲಿ ಹಿಡಿದವರು ಯಾರು?

ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೆಫ್ರಿ ಮೊಗಿಲ್ ತಂಡ 2014ರಲ್ಲಿ ಕೊಟ್ಟ ವರದಿ ಈ ಕ್ಷೇತ್ರದವರನ್ನೆಲ್ಲ ಇರಿಸುಮುರಿಸಿಗೆ ಸಿಕ್ಕಿಸಿತು. ಪ್ರಯೋಗ ಮಾಡುವವರು ಗಂಡಸರಾದರೆ ಇಲಿ, ಸುಂಡಿಲಿಗಳು ನೋವನ್ನು ಕಡಿಮೆ ತೋರಿಸುತ್ತಿದ್ದವು, ಹೆಂಗಸರಾದರೆ ಹಾಗಾಗುತ್ತಿರಲಿಲ್ಲ. ಗಂಡಸು ತೊಟ್ಟು ಬಿಚ್ಚಿದ ಟೀ ಶರ್ಟನ್ನು ಹತ್ತಿರ ಇಟ್ಟರೂ ಸಾಕಿತ್ತು. ಗಂಡಿನ ಮೈವಾಸನೆಯೇ ಒತ್ತಡ ತಂದು, ಅದು ನೋವನ್ನು ಅದುಮುತ್ತಿತ್ತು. ಹಳೆಯ ಪ್ರಬಂಧಗಳಲ್ಲಿ ಇಲಿಯ ತಳಿ, ತೂಕ, ಔಷಧದ ಪ್ರಮಾಣ ಎಲ್ಲ ಸಿಗುತ್ತವೆ. ಅದನ್ನು ಹಿಡಿದವರು ಗಂಡಸೋ ಹೆಂಗಸೋ ಎಂಬುದು ಸಾಮಾನ್ಯವಾಗಿ ಸಿಗುವುದಿಲ್ಲ.