ಕಿವಿಯೂ ಸದ್ದು ಮಾಡುತ್ತದೆ!

ಕಿವಿ ಇರುವುದು ಸದ್ದು ಕೇಳಲಿಕ್ಕೇ ಹೊರತು ಸದ್ದು ಮಾಡಲಿಕ್ಕಲ್ಲ. ಇದು ಎಲ್ಲರೂ ಒಪ್ಪುವ ಮಾತು. ಆದರೆ 1948ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ತರುಣನೊಬ್ಬ ಈ ಮಾತನ್ನೇ ತಲೆಕೆಳಗು ಮಾಡಿದ. ಕಿವಿ ತನ್ನೊಳಗಿಂದ ಸಣ್ಣಗೆ ಸದ್ದು ಹೊರಡಿಸಬಲ್ಲದು ಎಂದು ವಾದಿಸಿದ. ಅವನು ವೈದ್ಯನಾಗಿರಲಿಲ್ಲ. ಯುದ್ಧಕಾಲದಲ್ಲಿ ರೇಡಾರ್ ಕೆಲಸ ಮಾಡಿ ಬಂದಿದ್ದ ಆತನ ಹೆಸರು ಥಾಮಸ್ ಗೋಲ್ಡ್. ಕಿವಿಯ ತಜ್ಞರು ಅವನ ಮಾತಿಗೆ ಕಿವಿಗೊಡಲಿಲ್ಲ. ಅವನು ಹೇಳಿದ್ದು ನಿಜವೆಂದು ಗೊತ್ತಾಗಲು 30 ವರ್ಷ ಬೇಕಾಯಿತು. ಅಷ್ಟು ಹೊತ್ತಿಗೆ ಗೋಲ್ಡ್ ಕಿವಿಯ ಗೊಡವೆ ಬಿಟ್ಟು, ಖಗೋಳ ವಿಜ್ಞಾನದಲ್ಲಿ ದೊಡ್ಡ ಹೆಸರು ಮಾಡಿದ್ದ!

ಈ ವಾದವಿವಾದದ ಕೇಂದ್ರದಲ್ಲಿದ್ದುದು ಒಳಕಿವಿಯ ‘ಕಾಕ್ಲಿಯಾ’. ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡಿರುವ ಈ ಅಂಗದೊಳಗೆ ದ್ರವ ತುಂಬಿದೆ. ಉದ್ದಕ್ಕೂ ಒಂದು ತೆಳುಪೊರೆ ಹಾಸಿದೆ.

ಕಾರ್ಟಿ ಕಂಡ ಕೋಶಗಳು

ಆ ಪೊರೆಯ ಮೇಲೆ ಏನಿದೆ ಎಂಬುದನ್ನು ವಿವರವಾಗಿ ನೋಡಿ ಬರೆದವನು ಇಟಲಿಯ ಅಲ್ಫಾನ್ಸೊ ಕಾರ್ಟಿ. ಪಾವಿಯಾ, ವಿಯೆನ್ನಾಗಳಲ್ಲಿ ಓದಿದ ಈತ ಕಾರ್ಮೈನ್ ಎಂಬ ಕೆಂಪು ಬಣ್ಣವನ್ನು ಕಿವಿಯ ಎಳೆಗಳಿಗೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದ. ಸಾಲುಸಾಲಾಗಿ ನಿಂತ ಪುಟ್ಟ ಕೋಶಗಳು ಕಂಡವು. 1851ರಲ್ಲಿ ಪ್ರಬಂಧ ಪ್ರಕಟಿಸಿದ ಕಾರ್ಟಿ, ಆಮೇಲೆ ವಿಜ್ಞಾನವನ್ನೇ ಬಿಟ್ಟು ಮನೆತನದ ಆಸ್ತಿ ನೋಡಿಕೊಳ್ಳಲು ಹೊರಟುಹೋದ. ಹೆಸರು ಮಾತ್ರ ಉಳಿಯಿತು. ಇಂದಿಗೂ ಅದು ‘ಕಾರ್ಟಿ ಅಂಗ’ವೇ.

ಕಾರ್ಟಿ ಕಂಡ ಆ ಕೋಶಗಳೇ ರೋಮಕೋಶಗಳು. ಪ್ರತಿಯೊಂದರ ನೆತ್ತಿಯ ಮೇಲೂ ಕೂದಲಿನಂಥ ಎಳೆಗಳ ಗೊಂಚಲಿದೆ. ಸದ್ದು ಕಿವಿತಮಟೆಯನ್ನು ಅಲುಗಿಸುತ್ತದೆ, ಮೂರು ಚಿಕ್ಕ ಎಲುಬುಗಳು ಆ ಅಲುಗಾಟವನ್ನು ಕಾಕ್ಲಿಯಾದ ದ್ರವಕ್ಕೆ ದಾಟಿಸುತ್ತವೆ, ದ್ರವದೊಂದಿಗೆ ಪೊರೆ ಕಂಪಿಸುತ್ತದೆ, ಎಳೆಗಳು ಬಾಗುತ್ತವೆ. ಬಾಗಿದೊಡನೆ ಎಳೆಗಳ ತುದಿಯಲ್ಲಿರುವ ಸೂಕ್ಷ್ಮ ಬಾಗಿಲುಗಳು ತೆರೆದು, ವಿದ್ಯುದಂಶವುಳ್ಳ ಪೊಟ್ಯಾಸಿಯಂ ಕೋಶದೊಳಗೆ ನುಗ್ಗುತ್ತದೆ. ಶ್ರವಣ ನರ ಆ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಅತಿ ಮೆಲುವಾದ ಸದ್ದಿಗೆ ಪೊರೆ ಅಲುಗುವುದು ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ!

ಪಿಯಾನೋ ಮತ್ತು ಅಲೆ

ಆದರೆ ಕಿವಿ ಒಂದು ಸ್ವರದಿಂದ ಇನ್ನೊಂದನ್ನು ಬೇರ್ಪಡಿಸುವುದು ಹೇಗೆ? 1863ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಒಂದು ಉತ್ತರ ಕೊಟ್ಟ. ಕಾಕ್ಲಿಯಾ ಒಂದು ಪಿಯಾನೋ ಇದ್ದಂತೆ. ಒಂದೊಂದು ಸ್ವರಕ್ಕೆ ಒಂದೊಂದು ತಂತಿ ಮಿಡಿಯುತ್ತದೆ ಎಂದ. ಇದಕ್ಕೆ ಸಾಕ್ಷಿ ಹುಡುಕಿದವನು ಬುಡಾಪೆಸ್ಟಿನ ಗೇಯಾರ್ಗ್ ಫಾನ್ ಬೇಕೇಶಿ. ಹಂಗೇರಿಯ ಅಂಚೆ ಇಲಾಖೆಯ ಟೆಲಿಫೋನ್ ಪ್ರಯೋಗಾಲಯದಲ್ಲಿದ್ದ ಈತ, ಸತ್ತವರ ಕಿವಿಗಳನ್ನು ತೆರೆದು, ಪೊರೆಯ ಮೇಲೆ ಬೆಳ್ಳಿಯ ಪುಡಿ ಉದುರಿಸಿ, ಮಿನುಗುವ ಬೆಳಕಿನಲ್ಲಿ ನೋಡಿದ. ಕಂಡದ್ದು ಬಿಡಿಬಿಡಿ ತಂತಿಗಳಲ್ಲ, ಪೊರೆಯುದ್ದಕ್ಕೂ ಸಾಗುವ ಅಲೆ. ತೀಕ್ಷ್ಣ ಸ್ವರದ ಅಲೆ ಬುಡದಲ್ಲಿ, ಮಂದ್ರ ಸ್ವರದ ಅಲೆ ತುದಿಯ ಕಡೆಗೆ ಎತ್ತರ ಮುಟ್ಟುತ್ತಿತ್ತು. ಈ ಕೆಲಸಕ್ಕೆ 1961ರಲ್ಲಿ ನೊಬೆಲ್ ಬಹುಮಾನ ಬಂತು.

ಒಂದು ತೊಡಕು ಮಾತ್ರ ಉಳಿಯಿತು. ಬೇಕೇಶಿ ಕಂಡ ಅಲೆ ತೀರಾ ಅಗಲವಾಗಿತ್ತು. ಅಕ್ಕಪಕ್ಕದ ಎರಡು ಸ್ವರಗಳನ್ನು ನಮ್ಮ ಕಿವಿ ಗುರುತಿಸುವಷ್ಟು ಚೂಪಾಗಿ ಅದು ಗುರುತಿಸಲಾರದು.

ಗೋಲ್ಡ್ ಆಗಲೇ ಎತ್ತಿದ್ದ ಪ್ರಶ್ನೆ ಇದೇ. ನೀರಿನಲ್ಲಿ ಮುಳುಗಿಸಿದ ತಂತಿ ಮಿಡಿದರೆ ನಾದ ಅಲ್ಲೇ ಸತ್ತುಹೋಗುತ್ತದೆ. ಹಾಗಿದ್ದರೆ ದ್ರವದಲ್ಲಿ ಮುಳುಗಿದ ಪೊರೆ ಇಷ್ಟು ಸೂಕ್ಷ್ಮವಾಗಿ ಕಂಪಿಸುವುದು ಹೇಗೆ? ಕಿವಿಯೊಳಗೆ ಸದ್ದನ್ನು ಹಿಗ್ಗಿಸುವ ಆಂಪ್ಲಿಫೈಯರ್ ಒಂದಿರಲೇಬೇಕು ಎಂದು ಅವನು ತರ್ಕಿಸಿದ. ಗಣೇಶೋತ್ಸವದ ಪೆಂಡಾಲಿನಲ್ಲಿ ಮೈಕು ಸ್ಪೀಕರಿಗೆ ಹತ್ತಿರವಾದರೆ ‘ಕುಂಯ್’ ಎಂದು ಕೂಗುವುದಿಲ್ಲವೇ? ಹಾಗೆಯೇ ಕಿವಿಯ ಆಂಪ್ಲಿಫೈಯರೂ ಒಮ್ಮೊಮ್ಮೆ ತಾನಾಗಿ ಕೂಗಬೇಕು. ಈ ಕೂಗನ್ನು ಹಿಡಿಯಲು ಗೋಲ್ಡ್ ಕಿವಿಗೆ ಮೈಕ್ರೋಫೋನ್ ಇಟ್ಟು ನೋಡಿದ. ಅಂದಿನ ಉಪಕರಣಕ್ಕೆ ಅಷ್ಟು ಶಕ್ತಿ ಇರಲಿಲ್ಲ. ಏನೂ ಕೇಳಿಸಲಿಲ್ಲ.

ಸತ್ತ ಕಿವಿ, ಬದುಕಿದ ಕಿವಿ

1971ರಲ್ಲಿ ಅಮೆರಿಕದ ವಿಲಿಯಂ ರೋಡ್ ಜೀವಂತ ಮಂಗಗಳ ಕಿವಿಯಲ್ಲಿ ಪೊರೆಯ ಚಲನೆಯನ್ನು ಅಳೆದ. ಬದುಕಿದ್ದಾಗ ಅಲೆ ಚೂಪಾಗಿತ್ತು. ಪ್ರಾಣಿ ಸತ್ತೊಡನೆ ಆ ಚೂಪು ಮಾಯವಾಯಿತು. ಬೇಕೇಶಿ ನೋಡಿದ್ದು ಸತ್ತ ಕಿವಿಗಳನ್ನು ಎಂಬುದರ ಅರ್ಥ ಆಗ ಹೊಳೆಯಿತು. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಕಿವಿಗೆ ‘ಟಿಕ್’ ಎಂಬ ಸದ್ದು ಕೇಳಿಸಿ, ಅಲ್ಲೇ ಇಟ್ಟ ಪುಟ್ಟ ಮೈಕ್ರೋಫೋನಿನಲ್ಲಿ ಆಲಿಸಿದ. ಕೆಲವು ಮಿಲಿಸೆಕೆಂಡುಗಳ ನಂತರ ಒಳಗಿನಿಂದ ಮಾರ್ದನಿ ಬಂತು. ಕಿವುಡಾದ ಕಿವಿಗಳಿಂದ ಅದು ಬರಲಿಲ್ಲ. ಗೋಲ್ಡ್ ಗೆದ್ದಿದ್ದ!

ಆಂಪ್ಲಿಫೈಯರ್ ಯಾವುದೆಂಬುದೂ ಬೇಗನೆ ತಿಳಿಯಿತು. ಮನುಷ್ಯನ ಒಂದು ಕಾಕ್ಲಿಯಾದಲ್ಲಿ ಒಳಸಾಲಿನ ರೋಮಕೋಶಗಳು ಸುಮಾರು 3,500. ಹೊರಸಾಲುಗಳವು ಸುಮಾರು 12,000. ಮಿದುಳಿಗೆ ಸುದ್ದಿ ಕಳಿಸುವ ಕೆಲಸ ಬಹುಪಾಲು ಒಳಸಾಲಿನದು. ಹಾಗಾದರೆ ಉಳಿದವು ಏಕೆ? 1980ರ ದಶಕದಲ್ಲಿ ವಿಲಿಯಂ ಬ್ರೌನೆಲ್, ವಿದ್ಯುತ್ ತಾಗಿದಾಗ ಹೊರಸಾಲಿನ ಕೋಶಗಳು ಕುಗ್ಗಿ ಹಿಗ್ಗಿ ಕುಣಿಯುವುದನ್ನು ತೋರಿಸಿದ. ಸದ್ದಿನ ತಾಳಕ್ಕೆ ಕುಣಿದು ಪೊರೆಯನ್ನು ಅವು ಜೀಕುತ್ತವೆ. ಈ ಕುಣಿತದ ಹಿಂದಿರುವ ‘ಪ್ರೆಸ್ಟಿನ್’ ಎಂಬ ಪ್ರೋಟೀನು 2000ದಲ್ಲಿ ಪತ್ತೆಯಾಯಿತು.

ಹೋದರೆ ಬಾರದ ಸಂಪತ್ತು

ಈ ಇತಿಹಾಸ ಕೇವಲ ಪಂಡಿತರ ಜಗಳವಲ್ಲ. ಕೆಂಪ್ ಕೇಳಿಸಿಕೊಂಡ ಮಾರ್ದನಿ ಇಂದು ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ಪರೀಕ್ಷೆಯಾಗಿದೆ. ‘ಕೇಳಿಸುತ್ತದೆಯೇ’ ಎಂದರೆ ಉತ್ತರ ಹೇಳಲಾರದ ಕೂಸಿನ ಪರವಾಗಿ ಅದರ ರೋಮಕೋಶಗಳೇ ಉತ್ತರ ಕೊಡುತ್ತವೆ. ಕೊರತೆ ಬೇಗ ತಿಳಿದಷ್ಟೂ ಮಗುವಿಗೆ ಮಾತು ಕಲಿಸುವುದು ಸುಲಭ.

ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶಗಳು ಹತ್ತು ಕೋಟಿಗೂ ಹೆಚ್ಚು. ಕಿವಿಗಿರುವುದು ಹದಿನೈದು ಸಾವಿರದ ಆಸುಪಾಸು. ಹುಟ್ಟುವಾಗ ತಂದದ್ದೇ ಕಡೆಯವರೆಗೆ. ಗದ್ದಲ, ಮುಪ್ಪು, ಸ್ಟ್ರೆಪ್ಟೊಮೈಸಿನ್‌ನಂಥ ಕೆಲವು ಔಷಧಿಗಳು ಈ ಕೋಶಗಳನ್ನು ಕೊಲ್ಲುತ್ತವೆ. 1886ರಲ್ಲೇ ಥಾಮಸ್ ಬಾರ್ ಎಂಬ ವೈದ್ಯ ಗ್ಲಾಸ್ಗೋದ ಬಾಯ್ಲರ್ ಕಾರ್ಮಿಕರನ್ನು ಪರೀಕ್ಷಿಸಿ, ಸುತ್ತಿಗೆಯ ಸದ್ದು ಅವರ ಶ್ರವಣಶಕ್ತಿಯನ್ನು ಕಸಿದುಕೊಂಡದ್ದನ್ನು ದಾಖಲಿಸಿದ್ದ. ಇಂದು ಸುತ್ತಿಗೆಯ ಜಾಗಕ್ಕೆ ಡಿ.ಜೆ. ಸ್ಪೀಕರು, ಇಯರ್‌ಫೋನು ಬಂದಿವೆ.

ಹಕ್ಕಿಗಳು ಮಾತ್ರ ಅದೃಷ್ಟಶಾಲಿಗಳು. ಸತ್ತ ರೋಮಕೋಶಗಳ ಜಾಗದಲ್ಲಿ ಹೊಸವು ಹುಟ್ಟುವುದನ್ನು 1988ರಲ್ಲಿ ವಿಜ್ಞಾನಿಗಳು ಅವುಗಳಲ್ಲಿ ಕಂಡರು. ಮನುಷ್ಯನಿಗೆ ಆ ವರ ಇಲ್ಲ. ‘ಓಟೊಫರ್ಲಿನ್’ ಎಂಬ ಒಂದು ವಂಶವಾಹಿಯ ದೋಷದಿಂದ ಕಿವುಡಾಗಿ ಹುಟ್ಟಿದ ಮಕ್ಕಳಿಗೆ ವಂಶವಾಹಿ ಚಿಕಿತ್ಸೆಯಿಂದ ಕಿವಿ ಕೇಳಿಸಿದ ವರದಿಗಳು 2024ರಲ್ಲಿ ಬಂದವು. ಆದರೆ ಆ ಮಕ್ಕಳ ರೋಮಕೋಶಗಳು ಬದುಕಿದ್ದವು, ಕೆಲಸ ಮಾತ್ರ ಮಾಡುತ್ತಿರಲಿಲ್ಲ. ಸತ್ತ ಕೋಶವನ್ನು ಮರಳಿ ತರುವ ವಿದ್ಯೆ ಇನ್ನೂ ಕೈಗೂಡಿಲ್ಲ. ಅಲ್ಲಿಯವರೆಗೆ ಇರುವುದನ್ನು ಕಾಪಾಡಿಕೊಳ್ಳುವುದೇ ಜಾಣತನ.