ತಲೆನೋವಿನ ಪುಡಿಯ ಕಥೆ

ತಲೆನೋವು ಅಂದ್ರೆ ನಮ್ಮಜ್ಜಿ ಒಣಶುಂಠಿ ತೇಯ್ದು ಹಣೆಗೆ ಪಟ್ಟು ಹಾಕಿ ಮಲಗಿಬಿಡ್ತಿದ್ದರು. ನಾನು ಮಾತ್ರೆ ಪಾರ್ಟಿ. ಕಳೆದ ವರ್ಷ ವಾರಕ್ಕೆ ಐದು ದಿನ ನುಂಗುವ ಮಟ್ಟಕ್ಕೆ ಬಂದಾಗ ಡಾಕ್ಟರ ಹತ್ತಿರ ಹೋದೆ. ಅವರು ಎಲ್ಲಿ ನೋವು ಅಂತ ಕೇಳಲೇ ಇಲ್ಲ. "ತಿಂಗಳಲ್ಲಿ ಎಷ್ಟು ದಿನ ಮಾತ್ರೆ ತಗೋತೀರಿ?" ಅಂದರು. ಸ್ವಲ್ಪ ಅವಮಾನವೇ ಆಯ್ತು ಅನ್ನಿ... ಆ ಪ್ರಶ್ನೆಯ ಹಿಂದೆ ದೊಡ್ಡ ಕಥೆಯೇ ಇದೆ ಅಂತ ಆಮೇಲೆ ಓದಿ ತಿಳಿಯಿತು.

ಸ್ವೀಡನ್ನಿನಲ್ಲಿ ಹುಸ್ಕ್ವಾರ್ನ ಅಂತ ಒಂದು ಊರು. ಬಂದೂಕು, ಹೊಲಿಗೆ ಯಂತ್ರ ಮಾಡುತ್ತಿದ್ದ ಕಾರ್ಖಾನೆಯ ಊರು. 1918ರಲ್ಲಿ ಇನ್‌ಫ್ಲುಯೆಂಜಾ ಬಂದಾಗ ಯೋರ್ಟೊನ್ ಎಂಬ ವೈದ್ಯರು ಅಲ್ಲಿ ಒಂದು ಪುಡಿ ಕೊಡತೊಡಗಿದರು. ಅದರಲ್ಲಿದ್ದದ್ದು ಫೆನಾಸೆಟಿನ್, ಫೆನಾಜೋನ್, ಜೊತೆಗೆ ಕೆಫೀನ್. ಜ್ವರ ಊರು ಬಿಟ್ಟಿತು, ಪುಡಿ ಬಿಡಲಿಲ್ಲ! ತಲೆನೋವಿಗೆ, ಸುಸ್ತಿಗೆ, ಕೊನೆಗೆ ಸುಮ್ಮನೆ ಕೆಲಸ ಚುರುಕಾಗಲಿ ಅಂತ ಕಾರ್ಮಿಕರು ವರ್ಷಗಟ್ಟಲೆ ದಿನವೂ ತಿಂದರು. ನಾವು ಕಾಫಿ ಕುಡಿದ ಹಾಗೆ. ಒಂದು ದಿನ ತಪ್ಪಿದರೆ ತಲೆ ಸಿಡಿಯುತ್ತದೆ, ಅದಕ್ಕೆ ಮತ್ತೆ ಪುಡಿ.

1953ರಲ್ಲಿ ಸ್ವಿಟ್ಜರ್ಲೆಂಡಿನ ಸ್ಪ್ಯೂಲರ್ ಮತ್ತು ಝೋಲಿಂಗರ್ ಎಂಬ ವೈದ್ಯರು ಇಂಥ ನೋವಿನ ಔಷಧಿಗಳಿಗೂ ಮೂತ್ರಪಿಂಡದ ಕಾಯಿಲೆಗೂ ನಂಟಿದೆ ಅಂತ ಬರೆದರು. ಹುಸ್ಕ್ವಾರ್ನದಲ್ಲಿ ಆದದ್ದನ್ನು ಗ್ರಿಮ್‌ಲುಂಡ್ ಎಂಬ ವೈದ್ಯರು 1963ರಲ್ಲಿ ಪ್ರಕಟಿಸಿದರು. ಪುಡಿ ತಿಂದವರ ಮೂತ್ರಪಿಂಡ ಸದ್ದಿಲ್ಲದೆ ಹಾಳಾಗಿತ್ತು, ಎಷ್ಟೋ ಜನ ಅದರಿಂದಲೇ ಸತ್ತಿದ್ದರು. ತಲೆನೋವಿಗೆ ಅಂತ ತಿಂದದ್ದು ನೋಡಿ! ಫೆನಾಸೆಟಿನ್‌ಗೆ ಭಾರತದಲ್ಲಿ ನಿಷೇಧ ಬಂದದ್ದು 1983ರಲ್ಲಿ.

ಇನ್ನೊಂದು ತಮಾಷೆ. ಫೆನಾಸೆಟಿನ್ ದೇಹದೊಳಗೆ ಹೋಗಿ ಬಹುಪಾಲು ಪ್ಯಾರಸಿಟಮಾಲ್ ಆಗುತ್ತದೆ, ನೋವು ಇಳಿಸುವುದೂ ಅದೇ ಅಂತ ನ್ಯೂಯಾರ್ಕಿನಲ್ಲಿ ಬ್ರೋಡಿ ಮತ್ತು ಆಕ್ಸೆಲ್‌ರಾಡ್ 1949ರಲ್ಲೇ ತೋರಿಸಿದ್ದರು. ನನ್ನ ಡ್ರಾಯರಿನಲ್ಲಿದ್ದದ್ದು ಆ ಪುಡಿಯ ಸಂಬಂಧಿಕನೇ! ಇವನು ಅಳತೆ ಮೀರದಿದ್ದರೆ ಸಾಧು, ಮೀರಿದರೆ ಲಿವರ್‌ಗೆ ಅಪಾಯ.

ಆದರೆ ಚಕ್ರ ಮಾತ್ರ ಹಳೆಯದೇ. ಬರಿಯ ಪ್ಯಾರಸಿಟಮಾಲ್ ತಿಂಗಳಿಗೆ 15 ದಿನ, ಕೆಫೀನ್ ಬೆರೆತ ಮಾತ್ರೆ 10 ದಿನ, ಹೀಗೇ ಮೂರು ತಿಂಗಳು ದಾಟಿದರೆ ಮಾತ್ರೆಯೇ ತಲೆನೋವು ತರಬಹುದಂತೆ. ಡಾಕ್ಟರು ಕೇಳಿದ್ದು ಅದಕ್ಕೇ. ಮಾತ್ರೆ ಬಿಡಿಸಿದರು. ಮೊದಲ ಹತ್ತು ದಿನ ಯಾರಿಗೂ ಬೇಡ! ಆಮೇಲೆ ನೋವಿನ ಅಸಲಿ ಕಾರಣಗಳು ಒಂದೊಂದಾಗಿ ಕಂಡವು. ತಡರಾತ್ರಿಯ ನಿದ್ದೆ, ತಪ್ಪಿಸಿದ ತಿಂಡಿ, ಕತ್ತು ಬಗ್ಗಿಸಿ ಕೂರೋದು.

ಈಗ ಮಾತ್ರೆ ತಗೊಂಡ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕ್ತೀನಿ. ಈ ತಿಂಗಳು ಮೂರು. ಹಬ್ಬಕ್ಕೆ ಊರಿಗೆ ಹೋದಾಗ ಬಸ್ಸಿನಲ್ಲಿ ಬಂದದ್ದೂ ಸೇರಿ.