ಗಾಲಿಗಳ ಮೇಲಿನ ಬಿಡಾರ

1885ರಲ್ಲಿ ಬ್ರಿಟಿಷ್ ನೌಕಾದಳದ ಮಾಜಿ ವೈದ್ಯ ಗಾರ್ಡನ್ ಸ್ಟೇಬಲ್ಸ್ 'ವಾಂಡರರ್' ಎಂಬ ಗಾಡಿಮನೆಯನ್ನು ಕಟ್ಟಿಸಿ, ಎರಡು ಕುದುರೆ ಹೂಡಿಸಿ, ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಪಯಣಿಸಿದ. ವಿಹಾರಕ್ಕಾಗಿ ಮನೆಯನ್ನೇ ಗಾಲಿಯ ಮೇಲೆ ಒಯ್ಯುವ ಪದ್ಧತಿಯ ಚರಿತ್ರೆಯನ್ನು ಪಾಶ್ಚಾತ್ಯರು ಸಾಮಾನ್ಯವಾಗಿ ಅಲ್ಲಿಂದ ಆರಂಭಿಸುತ್ತಾರೆ. ಅದರ ಹಿಂದಿನ ವರ್ಷವಷ್ಟೇ, 1884ರಲ್ಲಿ, ಗದಗಿಗೆ ರೈಲು ಬಂದಿತ್ತು. ಆದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಒಕ್ಕಲು ಮನೆತನಗಳಿಗೆ ಗಾಲಿಯ ಮೇಲಿನ ಬಿಡಾರ ಹೊಸದಾಗಿರಲಿಲ್ಲ. ಅವರಿಗೆ ಕೊಲ್ಲಾರಿ ಬಂಡಿ ಇತ್ತು. ಹೋಗಲು ಸವದತ್ತಿಯ ಯಲ್ಲಮ್ಮನ ಗುಡ್ಡವಿತ್ತು.

ಕೊಲ್ಲಾರಿ ಬಂಡಿಯೆಂದರೆ ಬೇರೆ ವಾಹನವೇನಲ್ಲ. ಹೊಲಕ್ಕೆ ಗೊಬ್ಬರ ಹೇರುವ, ಗದಗಿನ ಪೇಟೆಗೆ ಹತ್ತಿ ತರುವ ಚಕ್ಕಡಿಗೇ ಬಿದಿರಿನ ಕಮಾನು ಕಟ್ಟಿ, ಮೇಲೆ ಚಾಪೆ ಅಥವಾ ತಾಡಪತ್ರಿ ಹೊದಿಸಿದರೆ ಅದು ಮನೆಯಾಯಿತು. ಒಳಗೆ ಕಣಿಕೆ ಅಥವಾ ಹುಲ್ಲು ಹಾಸಿ, ಅದರ ಮೇಲೆ ಕೌದಿ. ಮುದುಕರು, ಬಾಣಂತಿಯರು, ಮಕ್ಕಳು ಒಳಗೆ; ಗಟ್ಟಿಮುಟ್ಟಾದವರು ಬಂಡಿಯ ಹಿಂದೆ ನಡಿಗೆಯಲ್ಲಿ. ರಾತ್ರಿ ಬಂಡಿಯ ಕೆಳಗೆ ಕಂದೀಲು ತೂಗುತ್ತಿತ್ತು.

ಈ ಪಯಣದ ಕಾಲವನ್ನು ನಿರ್ಧರಿಸಿದ್ದು ಪಂಚಾಂಗವೊಂದೇ ಅಲ್ಲ, ಮಣ್ಣು ಕೂಡ. ಗುಡ್ಡದ ದೊಡ್ಡ ಜಾತ್ರೆಗಳು ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ದವನದ ಹುಣ್ಣಿಮೆಗಳಂದು, ಅಂದರೆ ಪುಷ್ಯದಿಂದ ಚೈತ್ರದೊಳಗೆ ಬರುತ್ತವೆ. ಗದಗಿನಿಂದ ಸವದತ್ತಿಯವರೆಗಿನ ದಾರಿಯ ಬಹುಭಾಗ ಎರೆಭೂಮಿ. ಮಳೆಗಾಲದಲ್ಲಿ ಆ ಮಣ್ಣಿನಲ್ಲಿ ಗಾಲಿ ಹೂತರೆ ನಾಲ್ಕೆತ್ತು ಕಟ್ಟಿದರೂ ಏಳುವುದು ಕಷ್ಟ. ಅದೇ ಮಣ್ಣು ಒಣಗಿ ಗಟ್ಟಿಯಾದಾಗ ಬಂಡಿಯ ಜಾಡೇ ಹೆದ್ದಾರಿ.

ಆದರೆ ದಾರಿ ಒಣಗಿದ ಕಾಲಕ್ಕೆ ನೀರೂ ಕಡಿಮೆ. ಈ ಸೀಮೆಯ ಅನೇಕ ಬಾವಿಗಳ ನೀರು ಸವಳು. ಕುಡಿಯಲು ಕೆರೆಯೇ ಗತಿ. ಆದ್ದರಿಂದ ಪಯಣದ ಯೋಜನೆಯೆಂದರೆ ಮುಖ್ಯವಾಗಿ ನೀರಿನ ಲೆಕ್ಕ. ಹೇರಿದ ಬಂಡಿ ತಾಸಿಗೆ ಮೂರು-ನಾಲ್ಕು ಕಿಲೋಮೀಟರ್ ಸಾಗಬಲ್ಲದು. ದಿನಕ್ಕೆ ಇಪ್ಪತ್ತೈದು ಕಿಲೋಮೀಟರ್ ಎಂದರೂ ಗದಗಿನಿಂದ ಗುಡ್ಡಕ್ಕೆ ಮೂರು ದಿನ, ಮುಂಡರಗಿಯಿಂದ ನಾಲ್ಕೈದು ದಿನ. ಮುಂಡರಗಿ ಕಡೆಯವರಿಗೆ ಡಂಬಳದ ದೊಡ್ಡ ಕೆರೆ ಉಂಟು. ಗದಗ ದಾಟಿದವರು ಅಣ್ಣಿಗೇರಿ, ನವಲಗುಂದದ ಮೇಲಾಗಲಿ ನರಗುಂದದ ಮೇಲಾಗಲಿ ಹೋಗಬೇಕು. ಯಾವ ಕೆರೆಯ ದಂಡೆಯಲ್ಲಿ ಕೊಳ್ಳು ಹರಿಯಬೇಕು ಎಂಬುದನ್ನು ಹಿರಿಯರು ಮನೆಯಲ್ಲೇ ಗೊತ್ತುಮಾಡುತ್ತಿದ್ದರು.

ಮನೆಯೊಳಗಿನ ಸಿದ್ಧತೆ ಹೆಂಗಸರದು. ವಾರಗಟ್ಟಲೆ ಕೆಡದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಹಿಂಡಿ, ಗುಡ್ಡದಲ್ಲಿ ಪಡ್ಡಲಿಗಿ ತುಂಬಿಸಲು ಬೇಕಾದ ಅಕ್ಕಿ, ಬೇಳೆ, ಬೆಲ್ಲ ಎಲ್ಲವೂ ಗಂಟು ಕಟ್ಟಬೇಕು. ಎತ್ತುಗಳಿಗೆ ಕಣಿಕೆ, ಹತ್ತಿಕಾಳು. ಕಣಿಕೆ ಹೆಚ್ಚು ಹೇರಿದರೆ ಜನಕ್ಕೆ ಜಾಗವಿಲ್ಲ, ಕಡಿಮೆ ಹೇರಿದರೆ ಎತ್ತು ಸೊರಗುತ್ತವೆ. ಯಾರು ಹೋಗಬೇಕು, ಎಮ್ಮೆ ಹಿಂಡಲು ಯಾರು ಉಳಿಯಬೇಕು ಎಂಬುದೂ ಇದೇ ಲೆಕ್ಕದಲ್ಲಿ ತೀರ್ಮಾನವಾಗುತ್ತಿತ್ತು. ಉಳಿಯುವ ಪಾಳಿ ಬಹುತೇಕ ಸೊಸೆಯದು. ಎತ್ತು ಬಂಡಿ ಇಲ್ಲದ ಬಡವರು ಉಳ್ಳವರ ಬಂಡಿಯ ಬೆನ್ನು ಹಿಡಿದು ನಡೆಯುತ್ತಿದ್ದರು. ಈ ಪಯಣ ಎಲ್ಲರನ್ನೂ ಸಮನಾಗಿಸಿತ್ತೆಂದು ಹೇಳುವಂತಿಲ್ಲ.

ಆಗ ನಕಾಶೆಯೂ ಬೇರೆಯಾಗಿತ್ತು. ಗದಗ ಮುಂಬಯಿ ಪ್ರಾಂತಕ್ಕೆ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದವು. 1948ರಲ್ಲಿ ಸಂಸ್ಥಾನಗಳು ವಿಲೀನವಾಗುವ ತನಕ ಲಕ್ಷ್ಮೇಶ್ವರದ ಬಂಡಿ ಗುಡ್ಡಕ್ಕೆ ಹೋಗಬೇಕಾದರೆ ಒಂದು ಆಳ್ವಿಕೆಯಿಂದ ಇನ್ನೊಂದಕ್ಕೆ ದಾಟಲೇಬೇಕಿತ್ತು. ಈ ನಾಲ್ಕೂ ಊರುಗಳು ಇಂದು ಸೇರಿರುವ ಗದಗ ಜಿಲ್ಲೆ ಹುಟ್ಟಿದ್ದು 1997ರಲ್ಲಿ.

ಬಂಡಿಯ ಪಯಣದಲ್ಲಿ ಒಂದು ಕಟ್ಟುಪಾಡಿತ್ತು: ಬಿಸಿಲೇರಿದರೆ ಕೊಳ್ಳು ಹರಿಯಬೇಕು, ಎತ್ತು ನೀರು ಕುಡಿದ ಮೇಲೆಯೇ ಮನುಷ್ಯರ ಊಟ. 1965ರ ಕೇಂದ್ರ ನಿಯಮಗಳು ಭಾರ ಎಳೆಯುವ ಪ್ರಾಣಿಗಳನ್ನು ದಿನಕ್ಕೆ ಒಂಬತ್ತು ತಾಸಿಗಿಂತ ಹೆಚ್ಚು ದುಡಿಸಬಾರದು, ಉಷ್ಣಾಂಶ 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು ಎಂದವು. ಎತ್ತನ್ನು ಉಳಿಸಿಕೊಳ್ಳಬೇಕಾದ ಒಕ್ಕಲಿಗ ಇದನ್ನು ಸರಕಾರಿ ಕಾಗದದಿಂದ ಕಲಿಯಬೇಕಾಗಿರಲಿಲ್ಲ.

ಎತ್ತುಗಳು ಕಡಿಮೆಯಾದಂತೆ ಕಮಾನು ಟ್ರ್ಯಾಕ್ಟರಿನ ಟ್ರೇಲರಿಗೆ ಏರಿತು. ಅದೇ ತಾಡಪತ್ರಿ, ಅದೇ ರೊಟ್ಟಿಗಂಟು. ಮೂರು ದಿನದ ದಾರಿ ಅರ್ಧ ದಿನಕ್ಕೆ ಇಳಿಯಿತು. ಬಂಡಿಯಿಲ್ಲದವರಿಗೂ ಜಾಗ ಸಿಕ್ಕಿತು, ಇದು ಸಣ್ಣ ಲಾಭವಲ್ಲ. ಆದರೆ ಸರಕಿನ ಟ್ರೇಲರಿನಲ್ಲಿ ಜನರನ್ನು ತುಂಬುವುದು ಕಾನೂನಿಗೆ ವಿರುದ್ಧ, ಅಪಾಯಕರ ಕೂಡ. ಎತ್ತು ದಣಿದರೆ ತಾನೇ ನಿಲ್ಲುತ್ತಿತ್ತು, ಬಂಡಿಯಲ್ಲಿದ್ದವರೂ ಅದರೊಡನೆ ನಿಲ್ಲಬೇಕಿತ್ತು. ಯಂತ್ರಕ್ಕೆ ದಣಿವಿಲ್ಲ, ಆದರೆ ರಾತ್ರಿಯಿಡೀ ಅದನ್ನು ನಡೆಸುವವನಿಗೆ ಉಂಟು. ಹಳೆಯ ಪಯಣದಿಂದ ಉಳಿಸಿಕೊಳ್ಳಬೇಕಾದದ್ದು ಬಿದಿರಿನ ಕಮಾನಿಗಿಂತ ಹೆಚ್ಚಾಗಿ ಆ ತಂಗುದಾಣಗಳ ಲೆಕ್ಕವನ್ನು.